ದಪ್ಪ ಜ್ಯಾಮಿತೀಯ ಫಾಂಟ್: ರೂಪಿಸುವುದು ಹೇಗೆ, ಬಳಸುವುದು ಎಲ್ಲಿ?

ವೃತ್ತ, ಚೌಕ, ತ್ರಿಕೋನಗಳನ್ನು ಆಧರಿಸಿದ, ತುದಿಗಳಲ್ಲಿ ಚಾಚುಗಳಿಲ್ಲದ ರೋಮನ್ ಅಕ್ಷರಶೈಲಿಯೇ ಜ್ಯಾಮಿತೀಯ ಸಾನ್ಸ್ ಸೆರಿಫ್. ಪಾಲ್ ರೆನ್ನರ್ ವಿನ್ಯಾಸಗೊಳಿಸಿ, ಜರ್ಮನಿಯ ಬಾವರ್ ಸಂಸ್ಥೆ 1927ರಲ್ಲಿ ಹೊರತಂದ ಫ್ಯೂಚುರಾ ಇದರ ಪ್ರಸಿದ್ಧ ಮಾದರಿ. 1969ರಲ್ಲಿ ಅಪೊಲೊ 11 ಚಂದ್ರನ ಮೇಲೆ ಬಿಟ್ಟುಬಂದ ಫಲಕದ ಬರಹವೂ ಅದೇ ಶೈಲಿಯದು. ಕೈವಾರ ಮತ್ತು ಅಳತೆಪಟ್ಟಿ ಇದ್ದರೆ ಸಾಕು ಎನಿಸಿದರೂ, ದಪ್ಪ ರೂಪದಲ್ಲಿ ಕೊನೆಯ ತೀರ್ಪು ಕಣ್ಣಿನದೇ.

ಮೊದಲು ದೊಡ್ಡ 'ಎಚ್' ಮತ್ತು 'ಓ' ಬರೆದುಕೊಳ್ಳಿ. 1000 ಘಟಕಗಳ ಚೌಕಟ್ಟಿನಲ್ಲಿ 'ಎಚ್' 700 ಎತ್ತರವಿದ್ದು, ಅದರ ಕಂಬ, ಅಂದರೆ ನೇರವಾಗಿ ನಿಂತ ಗೆರೆ, 150 ದಪ್ಪವಿದೆಯೆಂದುಕೊಳ್ಳಿ. ಅಡ್ಡಗೆರೆಗೂ 150 ಕೊಟ್ಟರೆ ಅದು ಕಂಬಕ್ಕಿಂತ ದಪ್ಪವಾಗಿ ಕಾಣುವುದರಿಂದ 130ರ ಆಸುಪಾಸಿಗೆ ಇಳಿಸಬೇಕು. ಹಾಗೆಯೇ ಸರಿಯಾಗಿ 700 ಎತ್ತರದ 'ಓ' ಪಕ್ಕದ 'ಎಚ್'ಗಿಂತ ಕುಳ್ಳಗೆ ಕಾಣುತ್ತದೆ. ಮೇಲೂ ಕೆಳಗೂ ಹತ್ತು ಹನ್ನೆರಡು ಘಟಕ ಹೊರಚಾಚಿದಾಗಲೇ ಎರಡೂ ಸಮನೆನಿಸುತ್ತವೆ.

ನಿಜವಾದ ಕಷ್ಟ ಗೆರೆಗಳು ಕೂಡುವಲ್ಲಿದೆ. ಸಣ್ಣ 'ಎನ್'ನ ಕಮಾನು ಕಂಬವನ್ನು ಸೇರುವ ಜಾಗದಲ್ಲಿ, 'ಬಿ', 'ಡಿ'ಗಳ ಹೊಟ್ಟೆ ಕಂಬಕ್ಕೆ ತಾಗುವ ಜಾಗದಲ್ಲಿ ಪೂರ್ಣ ದಪ್ಪವನ್ನೇ ಉಳಿಸಿದರೆ ಅಲ್ಲಿ ಕಪ್ಪು ಗಂಟು ಕಟ್ಟಿ, ಇಡೀ ಸಾಲು ಮಸಿ ಚೆಲ್ಲಿದಂತೆ ಕಾಣುತ್ತದೆ. ಆದ್ದರಿಂದ ಕೂಡುವೆಡೆಯಲ್ಲಿ ಗೆರೆಯನ್ನು ಧಾರಾಳವಾಗಿ ತೆಳುವಾಗಿಸಿ, ವೃತ್ತದ ಶುದ್ಧತೆ ಒಂದಷ್ಟು ಕೆಟ್ಟರೂ ಚಿಂತೆಯಿಲ್ಲ. ಸಣ್ಣ 'ಇ'ಯ ಮೇಲಿನ ಒಳಜಾಗ ಮುಚ್ಚಿಹೋಗದಂತೆ ಅಡ್ಡಗೆರೆಯನ್ನು ಇನ್ನಷ್ಟು ತೆಳುವಾಗಿಸಬೇಕು. ಚೂಪು ತುದಿಗಳಿಗೂ ಇದೇ ವಿವೇಚನೆ ಬೇಕು: ಫ್ಯೂಚುರಾದ ತೆಳು ರೂಪಗಳಲ್ಲಿ ಮೊನಚಾಗಿರುವ ದೊಡ್ಡ 'ಎ'ಯ ನೆತ್ತಿ ಬೋಲ್ಡ್ ರೂಪದಲ್ಲಿ ಚಪ್ಪಟೆಯಾಗಿದೆ.

ಅನಂತರ ಅಂತರ. ಎರಡು ನೇರ ಕಂಬಗಳ ನಡುವೆ ಹೆಚ್ಚು, ಕಂಬ ಮತ್ತು ದುಂಡಿನ ನಡುವೆ ಕಡಿಮೆ, ಎರಡು ದುಂಡುಗಳ ನಡುವೆ ಅತಿ ಕಡಿಮೆ ಜಾಗವಿರಲಿ. ದಪ್ಪ ಅಕ್ಷರಗಳ ಒಳಜಾಗ ಕಿರಿದಾಗಿರುವುದರಿಂದ ಹೊರಗಿನ ಅಂತರವೂ ಬಿಗಿಯಾಗಿರಬೇಕು. ಇದು ಸರಿಹೋಗುವ ಮುನ್ನ 'ಎ-ವಿ', 'ಟಿ-ಓ' ಜೋಡಿಗಳ ಕರ್ನಿಂಗ್‌ಗೆ, ಅಂದರೆ ನಿರ್ದಿಷ್ಟ ಅಕ್ಷರಜೋಡಿಯ ನಡುವಿನ ಅಂತರವನ್ನು ಪ್ರತ್ಯೇಕವಾಗಿ ತಿದ್ದುವುದಕ್ಕೆ, ಕೈಹಾಕಬೇಡಿ. ಬುನಾದಿ ಅಂತರ ತಪ್ಪಿದ್ದರೆ ಎಷ್ಟು ಜೋಡಿ ತಿದ್ದಿದರೂ ಸಾಲು ನೆಟ್ಟಗಾಗದು.

ಶೀರ್ಷಿಕೆ, ಪೋಸ್ಟರ್, ಲೋಗೊ, ಪೊಟ್ಟಣದ ಮೇಲಿನ ಹೆಸರು, ಹೀಗೆ ಕೆಲವೇ ಪದಗಳು ದೂರದಿಂದ ಗಮನ ಸೆಳೆಯಬೇಕಾದಲ್ಲಿ ಈ ಶೈಲಿಗೆ ಸರಿಸಾಟಿ ಕಡಿಮೆ. ದೀರ್ಘ ಓದಿಗೆ ಮಾತ್ರ ಇದು ಸಲ್ಲದು, ಏಕೆಂದರೆ ಒಂದೇ ವೃತ್ತದಿಂದ ಹುಟ್ಟಿದ ಅಕ್ಷರಗಳು ಪರಸ್ಪರ ತೀರಾ ಹೋಲುತ್ತವೆ. ದೊಡ್ಡ 'ಐ', ಸಣ್ಣ 'ಎಲ್' ಒಂದೇ ತೆರನಾಗಿ ಕಾಣುವ ಫಾಂಟನ್ನು ಪಾಸ್‌ವರ್ಡ್, ಸಂಕೇತಸಂಖ್ಯೆಗಳಿಗೆ ಬಳಸಲೇಬಾರದು. ದೊಡ್ಡ ಗಾತ್ರದಲ್ಲಿ ಅಂತರವನ್ನು ತುಸು ಬಿಗಿಗೊಳಿಸಿ, ಚಿಕ್ಕ ಗಾತ್ರದಲ್ಲಿ ಸಡಿಲಿಸಿ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರಗಳು ಇನ್ನೂ ದಪ್ಪಗೆ ಕಾಣುವುದರಿಂದ, ಅಲ್ಲಿ ಒಂದು ಹಂತ ತೆಳುವಾದ ರೂಪವನ್ನು ಆರಿಸಿ.