ಮೂಗಿನ ಶಸ್ತ್ರಕ್ರಿಯೆಯ ನಂತರ ಕೈಗೆ ಸಿಗುವ ಗಂಟುಗಳು: ನನ್ನ ಅನುಭವ

ಮೂಗಿನ ಆಕಾರ ತಿದ್ದುವ ಆಪರೇಷನ್ ಮಂಗಳೂರಿನಲ್ಲಿ ಆಗಿದ್ದರೂ, ಪ್ಲಾಸ್ಟರ್ ಬಿಚ್ಚಿದ ಮೇಲಿನ ತಿಂಗಳುಗಳಲ್ಲಿ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯವರು ತೋರಿಸಲು ಬರುವುದು ನನ್ನಂಥ ಊರಿನ ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರವೇ. ಅವರ ಮೊದಲ ಮಾತು ಹೆಚ್ಚಾಗಿ ಒಂದೇ: “ಡಾಕ್ಟ್ರೇ, ಇಲ್ಲೊಂದು ಗಂಟು ಕೈಗೆ ಸಿಗ್ತದೆ.” ಆಪರೇಷನ್ ಆಗಿ ಎಷ್ಟು ವಾರವಾಯಿತು, ಗಂಟು ಕಣ್ಣಿಗೂ ಕಾಣುತ್ತದೆಯೋ ಕೈಗೆ ಮಾತ್ರವೋ, ಒತ್ತಿದರೆ ನೋವಿದೆಯೋ ಎಂದು ಕೇಳಿ ಆಮೇಲೆ ಮುಟ್ಟುತ್ತೇನೆ. ಕೈಗೆ ಮಾತ್ರ ಸಿಗುವ, ನೋವಿಲ್ಲದ ಗಂಟಿಗೆ ಮೊದಲ ವರ್ಷ ಕಾಯುವುದೇ ಚಿಕಿತ್ಸೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾಯಲೇಬಾರದವು ಎರಡಿವೆ. ಆಪರೇಷನ್ ಆದ ಮೊದಲ ಕೆಲವು ದಿನಗಳಲ್ಲಿ ಎರಡೂ ಹೊಳ್ಳೆ ಪೂರ್ತಿ ಕಟ್ಟಿ, ನೋವು ಇಳಿಯುವ ಬದಲು ಏರುತ್ತಾ ಹೋದರೆ ಹೊಳ್ಳೆಗಳ ನಡುವಿನ ಗೋಡೆಯಲ್ಲಿ, ಅಂದರೆ ನಡುಗೋಡೆಯಲ್ಲಿ, ರಕ್ತ ಕಟ್ಟಿರಬಹುದು. ಟಾರ್ಚ್ ಬಿಟ್ಟು ನೋಡಿದರೆ ನಡುಗೋಡೆ ಕೆಂಪು-ನೇರಳೆ ಬಣ್ಣಕ್ಕೆ ಉಬ್ಬಿರುತ್ತದೆ, ಹತ್ತಿಕಡ್ಡಿಯಿಂದ ಒತ್ತಿದರೆ ಮೆತ್ತಗೆ ತಗ್ಗುತ್ತದೆ. ಅಲ್ಲಿನ ಮೃದ್ವಸ್ಥಿಗೆ (ಬಾಗುವ ಮೆತ್ತಗಿನ ಎಲುಬು, ಕಾರ್ಟಿಲೇಜ್) ಸ್ವಂತ ರಕ್ತನಾಳವಿಲ್ಲ, ಮೇಲಿನ ಪೊರೆಯಿಂದಲೇ ಅದಕ್ಕೆ ಪೋಷಣೆ. ರಕ್ತ ಆ ಪೊರೆಯನ್ನು ಎಬ್ಬಿಸಿ ಬಿಟ್ಟರೆ ಮೃದ್ವಸ್ಥಿ ಸತ್ತು ಮುಂದೆ ಮೂಗಿನ ನಡುಭಾಗವೇ ಕುಸಿಯುತ್ತದೆ. ಅದೇ ದಿನ ಸೀಳಿ ರಕ್ತ ತೆಗೆಸಬೇಕು. ಇನ್ನೊಂದು, ಕೆಂಪಾಗಿ, ಬಿಸಿಯಾಗಿ, ಮುಟ್ಟಿದರೆ ನೋಯುವ ಗಂಟು. ಅದು ಕೀವು, ಜ್ವರ ಇರಲೇಬೇಕೆಂದಿಲ್ಲ. ಇದು ಯಾವ ವಾರದಲ್ಲಿ ಕಂಡರೂ ಆಪರೇಷನ್ ಮಾಡಿದವರಿಗೆ ಆವತ್ತೇ ತೋರಿಸಬೇಕು.

ಉಳಿದವನ್ನು ನಿಧಾನವಾಗಿ ಪರೀಕ್ಷಿಸಬಹುದು. ಒಣ ಬೆರಳು ಚರ್ಮಕ್ಕೆ ಹಿಡಿದುಕೊಳ್ಳುತ್ತದೆ, ಒಳಗಿನ ಅಂಚು ತಿಳಿಯುವುದಿಲ್ಲ. ಬೆರಳ ತುದಿಯನ್ನು ನೀರಿನಲ್ಲಿ ಅದ್ದಿ, ಹುಬ್ಬಿನ ನಡುವಿನಿಂದ ತುದಿಯವರೆಗೆ ಭಾರ ಹಾಕದೆ ಜಾರಿಸಿದರೆ ಅರ್ಧ ಮಿಲಿಮೀಟರ್ ಏರುತಗ್ಗೂ ಗೊತ್ತಾಗುತ್ತದೆ. ಆಮೇಲೆ ಪಕ್ಕದಿಂದ ಬೆಳಕು ಬಿಟ್ಟು ನೋಡುತ್ತೇನೆ, ಮಲಗಿಸಿ ತಲೆಯ ಕಡೆಯಿಂದಲೂ ಒಮ್ಮೆ. ಮನೆಯಲ್ಲಿ ಈ ಪರೀಕ್ಷೆ ತಿಂಗಳಿಗೊಮ್ಮೆ ಸಾಕು. ಗಂಟೆಗೊಮ್ಮೆ ಒತ್ತಿ ನೋಡುವವರ ಮೂಗಿನ ಬಾವು ಬೇಗ ಇಳಿಯದಿರುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಫೋಟೋ ತೆಗೆದಿಡುವುದಾದರೆ ಅದೇ ಕಿಟಕಿ, ಅದೇ ಹೊತ್ತು, ಒಂದೂವರೆ ಮೀಟರ್ ದೂರದಿಂದ ಬೇರೆಯವರು ತೆಗೆಯಲಿ. 30 ಸೆಂ.ಮೀ. ದೂರದ ಸೆಲ್ಫಿಯಲ್ಲಿ ಹೊಳ್ಳೆಗಳ ಬಳಿ ಮೂಗು ಆ ಫೋಟೋಗಿಂತ ಸುಮಾರು ಶೇಕಡಾ 30ರಷ್ಟು ಅಗಲವಾಗಿ ಬರುತ್ತದೆ. ಅದನ್ನು ನೋಡಿ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ.

ಗಂಟು ಎಲ್ಲಿದೆ ಎಂಬುದು ಅದು ಏನೆಂಬುದನ್ನು ಬಹುಪಾಲು ಹೇಳುತ್ತದೆ. ಮೂಗಿನ ಬುಡದಲ್ಲಿ ಅಥವಾ ಪಕ್ಕದಲ್ಲಿ ಮೂಳೆ ಕತ್ತರಿಸಿದ ಗೆರೆಯ ಮೇಲೆ ಗಟ್ಟಿಯಾಗಿ ಸಿಕ್ಕರೆ ಅದು ಮೂಳೆ ಕೂಡಿಕೊಳ್ಳುವಾಗ ಬೆಳೆಯುವ ದಪ್ಪ, ಇಲ್ಲವೇ ಅರದಿಂದ ಉಜ್ಜಿದಾಗ ಚರ್ಮದಡಿ ಉಳಿದ ಮೂಳೆಪುಡಿ. ಮೊದಲನೆಯದು ಆರರಿಂದ ಹನ್ನೆರಡು ತಿಂಗಳಲ್ಲಿ ಸಾಕಷ್ಟು ಸವೆಯುತ್ತದೆ, ಎರಡನೆಯದು ಕೆಲವೊಮ್ಮೆ ಉಳಿದುಬಿಡುತ್ತದೆ. ತುದಿಯಲ್ಲಿ ಸಣ್ಣ ಕಾಳಿನಂತೆ ಸಿಗುವುದು ಹೆಚ್ಚಾಗಿ ಹೊಲಿಗೆಯ ಗಂಟು. ಕರಗುವ ಪಿ.ಡಿ.ಎಸ್. ದಾರವಾದರೆ ಸುಮಾರು ಆರೇಳು ತಿಂಗಳಲ್ಲಿ ಹೋಗುತ್ತದೆ. ಕರಗದ ದಾರ ಚುಚ್ಚುತ್ತಿದ್ದರೆ ಹೊಳ್ಳೆಯ ಒಳಗಿನಿಂದ ತೆಗೆಯಬಹುದು. ಚರ್ಮ ತೆಳ್ಳಗಿರುವವರಲ್ಲಿ ಕಸಿ ಮಾಡಿದ ಮೃದ್ವಸ್ಥಿಯ ಅಂಚು ಬಾವು ಇಳಿದಂತೆ ಎದ್ದು ಕಾಣುತ್ತದೆ. ಮೂರನೆಯ ತಿಂಗಳ ನಂತರ “ಹೊಸದಾಗಿ ಬಂತು” ಎನ್ನುವ ಎಷ್ಟೋ ಗಂಟುಗಳು ಮೊದಲೇ ಇದ್ದವು. ಬಾವು ಮುಚ್ಚಿಟ್ಟಿತ್ತು ಅಷ್ಟೆ. ಮೂಗಿನ ನಡುವೆ ತಲೆಕೆಳಗಾದ ವಿ ಆಕಾರದ ನೆರಳು ಮೂಡುವುದೂ ಹೀಗೆ ತಡವಾಗಿಯೇ. ಅದು ಗಂಟಲ್ಲ, ಮೂಳೆಯ ಕೆಳಗಿನ ಪಕ್ಕದ ಮೃದ್ವಸ್ಥಿಗಳು ಒಳಗೆ ಕುಸಿದದ್ದು. ಉಸಿರಾಟವೂ ಬಿಗಿಯಾಗಿದ್ದರೆ ತಿಂಗಳುಗಟ್ಟಲೆ ಸುಮ್ಮನಿರದೆ ತೋರಿಸಿ.

ಹೆಚ್ಚು ತಲೆನೋವು ಕೊಡುವುದು ತುದಿಯ ಸ್ವಲ್ಪ ಮೇಲೆ ಉಳಿಯುವ ಉಬ್ಬು. ಪಕ್ಕದಿಂದ ನೋಡಿದರೆ ಗಿಳಿಮೂಗಿನಂತೆ ಕಾಣುವುದು ಅದರಿಂದಲೇ. ಬೆರಳಿಂದ ಒತ್ತಿದಾಗ ಮೆತ್ತಗಿದ್ದರೆ ಬಾವು ಅಥವಾ ಗಾಯದ ನಾರು. ಸ್ಪ್ರಿಂಗಿನಂತೆ ಗಟ್ಟಿಯಾಗಿ ಮರಳಿದರೆ ಅಲ್ಲಿ ಮೃದ್ವಸ್ಥಿಯನ್ನೇ ಎತ್ತರವಾಗಿ ಬಿಡಲಾಗಿದೆ, ಅದಕ್ಕೆ ಟೇಪೂ ಇಂಜೆಕ್ಷನ್ನೂ ನಾಟುವುದಿಲ್ಲ. ಮೆತ್ತಗಿನದಕ್ಕೆ ಮೊದಲು ಟೇಪ್. ಅರ್ಧ ಇಂಚಿನ ಕಾಗದದ ಟೇಪ್ ಸಾಕು. ಮುಖ ತೊಳೆದು ಪೂರ್ತಿ ಒರೆಸಿ, ಅಡ್ಡಪಟ್ಟಿಗಳನ್ನು ಒಂದರ ಮೇಲೊಂದು ಅರ್ಧ ಬರುವಂತೆ ಮೇಲಿನಿಂದ ಉಬ್ಬಿನವರೆಗೆ ಹಚ್ಚಿ, ಕೊನೆಯ ಪಟ್ಟಿಯನ್ನು ತುದಿಯ ಅಡಿಯಿಂದ ತಂದು ಎರಡೂ ಬದಿಗೆ ಎತ್ತಿ ಅಂಟಿಸಬೇಕು. ತುದಿ ಬಿಳಿಚಿಕೊಂಡರೆ ಬಿಗಿ ಹೆಚ್ಚಾಯಿತು. ನಮ್ಮ ಕರಾವಳಿಯ ಬೆವರಿನಲ್ಲಿ ಹಗಲು ಟೇಪ್ ನಿಲ್ಲುವುದೂ ಇಲ್ಲ, ಅಡಿಯಲ್ಲಿ ಬೆವರುಸಾಲೆ, ಮೊಡವೆ ಏಳುತ್ತವೆ. ಹಾಗಾಗಿ ನಾನು ಹೇಳುವುದು ರಾತ್ರಿ ಮಾತ್ರ, ಆರು ವಾರ. ಬೆಳಿಗ್ಗೆ ನೀರಿನಲ್ಲಿ ನೆನೆಸಿ, ಎರಡೂ ತುದಿಯಿಂದ ನಡುವಿಗೆ ಬಿಡಿಸಿ. ಚರ್ಮ ಕೆಂಪಾದರೆ ಎರಡು ರಾತ್ರಿ ಬಿಡಿ.

ಟೇಪಿಗೆ ಬಗ್ಗದಿದ್ದರೆ ಟ್ರಯಾಮ್ಸಿನೋಲೋನ್ ಎಂಬ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತೇನೆ, ಮಿಲಿಲೀಟರಿಗೆ 10 ಮಿ.ಗ್ರಾಂ. ಸಾಂದ್ರತೆಯದ್ದು, 0.1ರಿಂದ 0.2 ಮಿ.ಲೀ. ಮಾತ್ರ. 40ರ ಬಾಟಲಿ ಇದ್ದರೆ ಒಂದು ಪಾಲಿಗೆ ಮೂರು ಪಾಲು ಸಲೈನ್ ಬೆರೆಸುತ್ತೇನೆ. ಸೂಜಿ ಚರ್ಮದ ಪದರದಲ್ಲಿ ನಿಲ್ಲಬಾರದು, ಅದರ ಅಡಿಗೆ ಇಳಿಯಬೇಕು. ರಕ್ತನಾಳದಲ್ಲಿಲ್ಲ ಎಂದು ಪಿಸ್ಟನ್ ಹಿಂದಕ್ಕೆಳೆದು ನೋಡಿ ನಿಧಾನ ಒತ್ತುವುದು. ಮೇಲೆಯೇ ಹೋದರೆ ಚರ್ಮ ತೆಳುವಾಗಿ ಗುಳಿ ಬೀಳುತ್ತದೆ, ನಮ್ಮಂಥ ಕಂದು ಚರ್ಮದಲ್ಲಿ ಬಿಳಿ ಕಲೆ ತಿಂಗಳುಗಟ್ಟಲೆ ಎದ್ದು ಕಾಣುತ್ತದೆ. ಎರಡು ಇಂಜೆಕ್ಷನ್ ನಡುವೆ ನಾಲ್ಕರಿಂದ ಆರು ವಾರ ಬಿಡುತ್ತೇನೆ. ಮೂಳೆಯ ಗಂಟಿಗೆ ಇದನ್ನು ಕೊಡುವುದಿಲ್ಲ. ತಗ್ಗು ತುಂಬಿಸಲು ಬ್ಯೂಟಿ ಪಾರ್ಲರಿನಲ್ಲಿ ಫಿಲ್ಲರ್ (ಚರ್ಮದಡಿ ತುಂಬುವ ಜೆಲ್) ಹಾಕಿಸುವುದಂತೂ ಬೇಡವೇ ಬೇಡ. ಒಮ್ಮೆ ಆಪರೇಷನ್ ಆದ ಮೂಗಿನಲ್ಲಿ ರಕ್ತ ಹರಿಯುವ ದಾರಿಗಳು ಬದಲಾಗಿರುತ್ತವೆ. ಫಿಲ್ಲರ್ ರಕ್ತನಾಳ ಸೇರಿದರೆ ಚರ್ಮ ಕೊಳೆಯಬಹುದು, ಕಣ್ಣೇ ಹೋಗಬಹುದು.

ಊರಿನ ಅಭ್ಯಾಸಗಳಲ್ಲಿ ಕೆಲವನ್ನು ಕೇಳಿ ತಿಳಿಯದೆ ನಾನು ಚೀಟಿ ಬರೆಯುವುದಿಲ್ಲ. ನಮಾಜಿನ ಸುಜೂದ್‌ನಲ್ಲಿ ಹಣೆಯೊಂದಿಗೆ ಮೂಗೂ ನೆಲಕ್ಕೆ ತಾಗುತ್ತದೆ. ಮೂಳೆ ಕೂಡುವ ಆರು ವಾರ ಕುರ್ಚಿಯಲ್ಲಿ ಕೂತು ಸನ್ನೆಯಿಂದ ನಮಾಜ್ ಮಾಡಲು ಹೇಳುತ್ತೇನೆ. ಸಾಷ್ಟಾಂಗ ಹಾಕುವವರಿಗೂ ಇದೇ ಮಾತು. ಬೈಕ್ ಓಡಿಸುವವರ ಪೂರ್ತಿ ಮುಖದ ಹೆಲ್ಮೆಟ್ ಹಾಕುವಾಗ, ತೆಗೆಯುವಾಗ ಮೂಗನ್ನು ಉಜ್ಜಿಕೊಂಡೇ ಹೋಗುತ್ತದೆ. ಅಷ್ಟು ದಿನ ಬೈಕೇ ಬೇಡ. ಕನ್ನಡಕವನ್ನು ನಡುವೆ ಟೇಪ್ ಕಟ್ಟಿ ಹಣೆಗೆ ತೂಗುಹಾಕಬಹುದು. ಮೂಗಿಗೆ ಎಣ್ಣೆ ಬಿಡುವ ರೂಢಿ ಇದ್ದರೆ ಒಳಗಿನ ಹೊಲಿಗೆ ಪೂರ್ತಿ ಮಾಯುವವರೆಗೆ ನಿಲ್ಲಿಸಬೇಕು, ಎಣ್ಣೆ-ಜಿಡ್ಡು ಗಾಯದೊಳಗೆ ಸಿಕ್ಕಿಕೊಂಡರೆ ಅದೇ ಗಂಟಾಗುತ್ತದೆ. ಸಿಪ್ಪೆ ಕಟ್ಟಿದ್ದಕ್ಕೆ ಸಲೈನ್ ಸ್ಪ್ರೇ ಸಾಕು. ಬದನೆ, ಸಿಗಡಿ ತಿಂದು ನಂಜಾಗಿ ಗಂಟು ಬಂತು ಎಂದು ಹಿರಿಯರು ಹೇಳಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅಲರ್ಜಿ ಇಲ್ಲದಿದ್ದರೆ ಮೀನು, ಮೊಟ್ಟೆ, ಬೇಳೆ ಗಾಯ ಮಾಯಲು ಬೇಕೇ ಬೇಕು. ಬಾವು ಇರುವಾಗ ಉಪ್ಪಿನಕಾಯಿ, ಒಣಮೀನು ಕಡಿಮೆ ಮಾಡಿ, ತಲೆ ಎತ್ತರಿಸಿ ಮಲಗಿ.

ಮತ್ತೆ ಆಪರೇಷನ್ ಮಾಡಿ ಉಜ್ಜಿಸುವ ಮಾತು ಹನ್ನೆರಡು ತಿಂಗಳ ಮೊದಲು ನಾನು ಎತ್ತುವುದಿಲ್ಲ, ದಪ್ಪ ಚರ್ಮದವರಲ್ಲಿ ಇನ್ನೂ ಆರು ತಿಂಗಳು ಕಾಯುತ್ತೇನೆ. ರಜೆಯಲ್ಲಿ ಬಂದು ಆಪರೇಷನ್ ಮಾಡಿಸಿಕೊಂಡು ಗಲ್ಫಿಗೆ ಮರಳುವವರು ಡಿಸ್ಚಾರ್ಜ್ ಚೀಟಿಯೊಂದನ್ನೇ ಒಯ್ದರೆ ಸಾಲದು. ಆಪರೇಷನ್ ಟಿಪ್ಪಣಿಯ ಪ್ರತಿಯನ್ನೂ ಕೇಳಿ ಪಡೆಯಿರಿ: ಕಸಿ ಎಲ್ಲಿಂದ ತೆಗೆದರು, ಎಲ್ಲಿ ಇಟ್ಟರು, ಯಾವ ದಾರ ಹಾಕಿದರು ಎಂಬುದು ಅದರಲ್ಲಿರುತ್ತದೆ. ಅಲ್ಲಿನ ವೈದ್ಯರ ಬೆರಳಿಗೆ ಗಂಟು ಸಿಕ್ಕಾಗ ಅದೇನೆಂದು ತಿಳಿಯಲು ಅವರಿಗೆ ಬೇಕಾಗುವುದು ಆ ಟಿಪ್ಪಣಿ ಮತ್ತು ತಿಂಗಳು ತಿಂಗಳು ತೆಗೆದ ಫೋಟೋಗಳು.