ಸಮವಸ್ತ್ರ ಬಿಚ್ಚಿಟ್ಟ ಮೇಲೆ ಕನ್ಸಲ್ಟಿಂಗ್: ಎಲ್ಲಿಂದ ಶುರು ಮಾಡಬೇಕು?

ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಕೇಂದ್ರವಿದೆ, ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆಯಿದೆ. ಅಲ್ಲೇ ಉದ್ಯಮಬಾಗ, ಮಚ್ಛೆಯಲ್ಲಿ ಫೌಂಡ್ರಿಗಳ (ಲೋಹ ಕರಗಿಸಿ ಅಚ್ಚಿಗೆ ಎರೆಯುವ ಕಾರ್ಖಾನೆಗಳ) ಸಾಲೇ ಇದೆ. ಸೇನೆಯಲ್ಲಿ ಸ್ಟೋರು, ವಾಹನ, ತರಬೇತಿ ಎಲ್ಲವನ್ನೂ ವರ್ಷಗಟ್ಟಲೆ ನಿಭಾಯಿಸಿ ಬಂದವರು ಗೇಟಿನ ಭದ್ರತೆಗಷ್ಟೇ ಸೀಮಿತರಾಗುವುದು ದೊಡ್ಡ ನಷ್ಟ. ಆಡಳಿತ ಸಲಹೆಗಾರರಾಗಿ ಅದೇ ಫೌಂಡ್ರಿಗಳ ಒಳಗೆ ಕಾಲಿಡಲು ದಾರಿಯಿದೆ. ಆದರೆ ತಯಾರಿ ನಿವೃತ್ತಿಗೆ ಎರಡು ವರ್ಷ ಮೊದಲೇ ಶುರುವಾಗಬೇಕು.

ಮೊದಲು ಕೋರ್ಸು. ಸೇವೆಯ ಕೊನೆಯ ಎರಡು ವರ್ಷಗಳಲ್ಲಿ ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯದ ತರಬೇತಿಗೆ ಅರ್ಜಿ ಹಾಕಬಹುದು. ಅಧಿಕಾರಿಗಳಿಗೆ ಐಐಎಂಗಳಲ್ಲಿ ಸುಮಾರು ಆರು ತಿಂಗಳ ಮ್ಯಾನೇಜ್‌ಮೆಂಟ್ ಕೋರ್ಸ್ ಇರುತ್ತದೆ. ಶುಲ್ಕದ ಶೇ 60ರಷ್ಟನ್ನು ನಿರ್ದೇಶನಾಲಯವೇ ಭರಿಸುತ್ತದೆ. ಜೆಸಿಓ (ಸುಬೇದಾರ್ ದರ್ಜೆಯ ಕಿರಿಯ ಅಧಿಕಾರಿ) ಮತ್ತು ಜವಾನರ ಕೋರ್ಸುಗಳಿಗೆ ಪೂರ್ತಿ ಶುಲ್ಕ ನಿರ್ದೇಶನಾಲಯದ್ದೇ. ಜೆಸಿಓ ಆಗಿದ್ದವರು ಒಂದೆರಡು ವರ್ಷ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿ ದುಡಿದು, ಆಮೇಲೆ ಸಲಹೆಗೆ ಇಳಿಯುವುದು ಒಳ್ಳೆಯದು.

ಕೋರ್ಸಿನಲ್ಲಿ ಬೇರೆ ಯಾವುದನ್ನು ಬಿಟ್ಟರೂ ಹಣಕಾಸಿನ ಲೆಕ್ಕ ಬಿಡಬೇಡಿ. ಸೇನೆಯಲ್ಲಿ ಅನುದಾನ ಬರುತ್ತದೆ, ಖರ್ಚಾಗುತ್ತದೆ; ಲಾಭ ಎಂಬ ಮಾತೇ ಬರುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ವರ್ಷಕ್ಕೆ 12 ಕೋಟಿ ವ್ಯಾಪಾರ ಮಾಡುವ ಘಟಕಕ್ಕೆ ಗಿರಾಕಿಗಳಿಂದ 3 ಕೋಟಿ ಬರಬೇಕಿದೆ ಅಂದರೆ ಸರಾಸರಿ 91 ದಿನದ ಬಾಕಿ ನಿಂತಿದೆ ಎಂದರ್ಥ. ಬ್ಯಾಲೆನ್ಸ್ ಶೀಟ್ ನೋಡಿದ ಕೂಡಲೇ ಇದು ಕಣ್ಣಿಗೆ ಬೀಳಬೇಕು.

ಇನ್ನು ಬಯೋಡೇಟಾ. ‘ಕಂಪನಿ ಕಮಾಂಡರ್’ ಎಂದಷ್ಟೇ ಬರೆದರೆ ಮಾಲೀಕರಿಗೆ ಏನೂ ತಿಳಿಯದು. ‘120 ಜನರ ಹೊಣೆ, 18 ವಾಹನ, ಎರಡು ವರ್ಷದಲ್ಲಿ ಬಿಡಿಭಾಗದ ದಾಸ್ತಾನು ಇಷ್ಟು ಇಳಿಕೆ’ ಎಂದು ಅಂಕಿಗಳಲ್ಲಿ ಹೇಳಿ. ಎರಡು ಪುಟ ಸಾಕು. ಕಾರ್ಯಾಚರಣೆ, ಶಸ್ತ್ರಾಸ್ತ್ರ, ನೆಲೆಯ ವಿವರ ಒಂದಕ್ಷರವೂ ಬೇಡ. 1923ರ ಅಧಿಕೃತ ರಹಸ್ಯ ಕಾಯ್ದೆ ನಿವೃತ್ತಿಯ ನಂತರವೂ ಅನ್ವಯಿಸುತ್ತದೆ. ಪುಣೆ, ಬೆಂಗಳೂರಿನ ದೊಡ್ಡ ಸಂಸ್ಥೆಗಳಿಗೆ ಹೋಗುವವರು ಕೇಸ್ ಇಂಟರ್‌ವ್ಯೂಗೆ (ಕಂಪನಿಯೊಂದರ ಸಮಸ್ಯೆ ಕೊಟ್ಟು ಪರಿಹಾರ ಕೇಳುವ ಸಂದರ್ಶನ) ಕನಿಷ್ಠ 25 ಕೇಸುಗಳನ್ನು ಬಾಯಿಬಿಟ್ಟು ಬಿಡಿಸಿ ಅಭ್ಯಾಸ ಮಾಡಿಕೊಳ್ಳಬೇಕು.

ಮೊದಲ ಕೆಲಸ ಚಿಕ್ಕದಿರಲಿ: ಒಂದೇ ಘಟಕ, ಒಂದೇ ಸಮಸ್ಯೆ, ಆರು ವಾರ. ಉದಾಹರಣೆಗೆ ಕಾಸ್ಟಿಂಗ್ ರಿಜೆಕ್ಷನ್, ಅಂದರೆ ಎರಕದ ತುಂಡು ದೋಷದಿಂದ ವಾಪಸ್ ಬರುವುದು. ಸಾವಿರಕ್ಕೆ 80 ತುಂಡು ವಾಪಸ್, ತುಂಡಿಗೆ 5 ಕೆಜಿ, ಕರಗಿಸುವ ವಿದ್ಯುತ್ತು, ಕೂಲಿ ಸೇರಿ ಕೆಜಿಗೆ 40 ರೂಪಾಯಿ ಅಂದುಕೊಂಡರೆ 16,000 ರೂಪಾಯಿ ನೀರಿಗೆ ಹೋದಂತೆ. ಮೊದಲ ವಾರ ಏನನ್ನೂ ಬದಲಿಸಬೇಡಿ. ಮೋಲ್ಡಿಂಗ್‌ನಿಂದ (ಅಚ್ಚು ಮಾಡುವುದು) ಫೆಟ್ಲಿಂಗ್‌ವರೆಗೆ (ಎರಕದ ಅಂಚು ತೆಗೆದು ಶುಚಿ ಮಾಡುವುದು) ಒಂದೇ ಬ್ಯಾಚಿನ ಹಿಂದೆ ನಡೆಯಿರಿ, ದೋಷದ ಬಗೆ ಬಗೆ ಬೇರೆಯಾಗಿ ಎಣಿಸಿ. ಅಚ್ಚು ಮಾಡುವ ಹಸಿ ಉಸುಕಿನಲ್ಲಿ ತೇವ ಸಾಮಾನ್ಯವಾಗಿ ಶೇ 3ರಿಂದ 4 ಇರಬೇಕು. ಜಾಸ್ತಿಯಾದರೆ ಆವಿ ಸಿಕ್ಕಿಕೊಂಡು ತೂತು ಬೀಳುತ್ತದೆ, ಕಮ್ಮಿಯಾದರೆ ಅಚ್ಚು ಉದುರಿ ಉಸುಕು ಲೋಹದೊಳಗೆ ಸೇರುತ್ತದೆ. ‘ಮುಂಜಾನಿ ಒಮ್ಮೆ ನೋಡ್ತೀವ್ರಿ, ಸಾಹೇಬ್ರ’ ಎಂದು ಮೋಲ್ಡರ್ ಹೇಳಿದರೆ, ಬಿಸಿಲೇರಿದ ಮೇಲೆ ಉಸುಕು ಒಣಗುವುದನ್ನು ಯಾರೂ ಅಳೆಯುತ್ತಿಲ್ಲ ಎಂದು ತಿಳಿಯಿರಿ.

ಇಲ್ಲಿ ಹುಕುಂ ನಡೆಯುವುದಿಲ್ಲ. ಆ ಮೋಲ್ಡರ್ ನಿಮ್ಮ ಕೈಕೆಳಗಿನವನಲ್ಲ. ಮಾಲೀಕರ ಮುಂದೆ ಅವನ ತಪ್ಪು ಎತ್ತಿ ತೋರಿಸಿದರೆ ಮರುದಿನದಿಂದ ಯಾರೂ ನಿಜ ಹೇಳರು. ಎರಡು ತಾಸಿಗೊಮ್ಮೆ ತೇವ ಬರೆಯುವ ವಹಿಯನ್ನು ಅವನ ಕೈಯಿಂದಲೇ ಶುರು ಮಾಡಿಸಿ.

ಒಪ್ಪಂದ ಬರಹದಲ್ಲೇ ಇರಲಿ: ಕೆಲಸದ ಎಲ್ಲೆ, ಯಾವ ಲೆಕ್ಕಪತ್ರ ಕೊಡುತ್ತಾರೆ, ಶುಲ್ಕದ ಕಂತು (30, 40, 30 ಶೇಕಡಾ ಅನುಕೂಲ). ‘ಉಳಿತಾಯವಾದರೆ ಮಾತ್ರ ದುಡ್ಡು’ ಎಂಬ ಷರತ್ತಿಗೆ ಒಪ್ಪಬೇಡಿ. ಉಳಿತಾಯ ಎಷ್ಟು ಎಂಬುದರ ಮೇಲೇ ಜಗಳ ಏಳುತ್ತದೆ. ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ದರ ಶೇ 18. ಉದ್ಯಮ್ ನೋಂದಣಿಗೆ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಶುಲ್ಕವಿಲ್ಲ, ಮೊದಲ ಬಿಲ್ಲಿಗೆ ಮುಂಚೆಯೇ ಮಾಡಿಸಿ. ಅದಿದ್ದರೆ ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನದೊಳಗೆ ಹಣ ಕೊಡಲೇಬೇಕು, ಒಪ್ಪಂದವೇ ಇಲ್ಲದಿದ್ದರೆ 15 ದಿನ.

ವರದಿ ಕೊಟ್ಟ ಮೂರು ತಿಂಗಳಿಗೆ ಹೇಳದೆ ಕೇಳದೆ ಒಮ್ಮೆ ಹೋಗಿ, ತೇವದ ವಹಿ ತೆರೆದು ನೋಡಿ. ಹಿಂದಿನ ದಿನ ಮಧ್ಯಾಹ್ನದ ಅಂಕಿ ಅದರಲ್ಲಿ ಇರಬೇಕು.