ಚಾಸಿ ಒಂದು, ಬಾಡಿ ಇನ್ನೊಂದು: ಹಳೇ ಜೀಪುಗಳನ್ನು ನಾನು ಪರೀಕ್ಷೆ ಮಾಡುವ ರೀತಿ

ನಮ್ಮ ಹಳೇ ಗಾಡಿಗಳ ಕ್ಲಬ್ಬಿನಲ್ಲಿ ಜಾಸ್ತಿ ಜಗಳ ಆಗುವುದು ಜೀಪುಗಳ ವಿಚಾರಕ್ಕೆ. ರ‍್ಯಾಲಿಗೆ ಮುಂಚೆ ಗಾಡಿಗಳನ್ನು ನೋಡಿ, ಯಾವುದು ಯಾವ ವಿಭಾಗಕ್ಕೆ ಸೇರುತ್ತದೆ ಅಂತ ಬರೆದುಕೊಡುವ ಕೆಲಸ ಹಲವು ವರ್ಷಗಳಿಂದ ನನ್ನದು. ಯುದ್ಧಕಾಲದ ಜೀಪೊಂದು ಬಂತು ಅಂದರೆ ಸುತ್ತ ಜನ ಸೇರುತ್ತಾರೆ. "ಇದು ಒರಿಜಿನಲ್ ಅಲ್ಲ ಸಾರ್, ಬಾಡಿ ಕಟ್ಟಿಸಿದ್ದು" ಅಂತ ಒಬ್ಬರು. "ನಮ್ಮ ತಾತನ ಕಾಲದಿಂದ ತೋಟದಲ್ಲಿ ಓಡಿದೆ, ಇದಕ್ಕಿಂತ ಒರಿಜಿನಲ್ ಏನು ಬೇಕು?" ಅಂತ ಮಾಲೀಕರು. ಎಷ್ಟೋ ಸಲ ಇಬ್ಬರ ಮಾತೂ ನಿಜವೇ ಆಗಿರುತ್ತದೆ.

ಯಾಕೆ ಹೀಗೆ ಅಂದರೆ, ಎರಡನೇ ಮಹಾಯುದ್ಧಕ್ಕೆ ಅಂತ ವಿಲ್ಲಿಸ್ ಕಂಪನಿಯ ಎಂಬಿ ಮತ್ತು ಫೋರ್ಡ್ ಕಂಪನಿಯ ಜಿಪಿಡಬ್ಲ್ಯೂ ಎರಡೂ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ತಯಾರಾದವು. ಯುದ್ಧ ಮುಗಿದ ಮೇಲೆ ಸೈನ್ಯ ಮಾರಿದ ಗಾಡಿಗಳಲ್ಲಿ ಕೆಲವು ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೂ ಬಂದವು. 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿದರು. ಎಂಬಿ, ಜಿಪಿಡಬ್ಲ್ಯೂ, ಆಮೇಲೆ ಜನಸಾಮಾನ್ಯರಿಗೆ ಅಂತ ಬಂದ ಸಿಜೆ-2ಎ, 3ಎ, 3ಬಿ, ಎಲ್ಲದರದ್ದೂ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 80 ಇಂಚೇ. ಅಂದರೆ ಒಂದರ ಬಾಡಿ ಇನ್ನೊಂದರ ಚಾಸಿ (ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು) ಮೇಲೆ ಅಲ್ಪಸ್ವಲ್ಪ ಕೆಲಸದಲ್ಲಿ ಕೂರುತ್ತದೆ. ಮಲೆನಾಡಿನ ಮಳೆಗೆ ಫ್ಲೋರ್ ತೂತು ಬಿದ್ದಾಗ ತೋಟದವರು ಸಿಕ್ಕ ಬಾಡಿ ಹಾಕಿಸಿಕೊಂಡರು. ಗಾಡಿ ಓಡಬೇಕಿತ್ತು, ಅಷ್ಟೇ. ಸೈನ್ಯದ ರಿಪೇರಿ ಡಿಪೋಗಳಲ್ಲೇ ಒಂದರ ಬಾಡಿ ಇನ್ನೊಂದಕ್ಕೆ ಹೋಗುತ್ತಿತ್ತು. ಈಗಂತೂ ಫಿಲಿಪ್ಪೀನ್ಸ್‌ನಲ್ಲಿ ಯುದ್ಧಕಾಲದ ನಮೂನೆಯ ಹೊಸ ಬಾಡಿಯೇ ತಯಾರಾಗುತ್ತದೆ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಇಡೀ ಜೀಪನ್ನೇ ಕಟ್ಟಿಕೊಡುತ್ತಾರೆ.

ಪರೀಕ್ಷೆಗೆ ಕೂತಾಗ ನಾನು ಮೊದಲು ನೋಡುವುದು ಚಾಸಿ. ಪೇಂಟು ಎಷ್ಟೇ ಹೊಳೆಯಲಿ, ಗಾಡಿ ಮುಂದೆ ಮಂಡಿಯೂರಿ ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ ನೋಡುತ್ತೇನೆ. ಅದು ದುಂಡಗಿನ ಪೈಪ್ ಆಗಿದ್ದರೆ ಎಂಬಿ ಚಾಸಿ. ಮೇಲ್ಭಾಗ ಚಪ್ಪಟೆಯಾಗಿ, ಕವುಚಿಟ್ಟ ಚಾನೆಲ್‌ನಂತೆ ಇದ್ದರೆ ಜಿಪಿಡಬ್ಲ್ಯೂ ಇರಬಹುದು. ಆಮೇಲೆ ನಂಬರ್. ಜಿಪಿಡಬ್ಲ್ಯೂನಲ್ಲಿ ಅದನ್ನು ಚಾಸಿಯ ಎಡಗಡೆ ಉದ್ದಪಟ್ಟಿಯ ಮೇಲೆ, ಇಂಜಿನ್ ಮೌಂಟಿಂಗ್ ಹತ್ತಿರ, ಕಬ್ಬಿಣಕ್ಕೇ ಪಂಚ್ ಮಾಡಿರುತ್ತಾರೆ. ಥಿನ್ನರ್ ಹಾಕಿ ಪೇಂಟ್ ತೆಗೆದು, ಚಾಕ್ ಉಜ್ಜಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ಷರ ಏಳುತ್ತವೆ. ಗ್ರೈಂಡರ್ ಹತ್ತಿರಕ್ಕೂ ಬಿಡುವುದಿಲ್ಲ. ಒಂದು ಸಲ ಉಜ್ಜಿಹೋದ ನಂಬರ್ ವಾಪಸ್ ಬರಲ್ಲ, ಮತ್ತು ಅಲ್ಲಿ ಗ್ರೈಂಡರ್ ಗುರುತು ಕಂಡರೆ ಮುಂದೆ ಯಾರೂ ಆ ಗಾಡಿಯನ್ನು ನಂಬಲ್ಲ. ಎಂಬಿಯಲ್ಲಿ ನಂಬರ್ ಇರುವುದು ರಿವಿಟ್ ಹೊಡೆದ ಸಣ್ಣ ಪ್ಲೇಟಿನಲ್ಲಿ. ಹೊಸ ಪ್ಲೇಟು ದುಡ್ಡು ಕೊಟ್ಟರೆ ಸಿಗುತ್ತದೆ. ಹಾಗಾಗಿ ಅಲ್ಲಿ ಪ್ಲೇಟಿಗಿಂತ ರಿವಿಟ್ಟನ್ನೇ ಜಾಸ್ತಿ ಹೊತ್ತು ನೋಡುತ್ತೇನೆ.

ಬಾಡಿ ವಿಚಾರಕ್ಕೆ ಬಂದರೆ, ಯುದ್ಧಕಾಲದ ಜೀಪಿಗೆ ಹಿಂದೆ ಬಾಗಿಲಿಲ್ಲ. ಪೆಟ್ರೋಲ್ ಹಾಕುವ ಬಾಯಿ ಡ್ರೈವರ್ ಸೀಟಿನ ಕೆಳಗೆ. ಸಿಜೆ-2ಎಗೆ ಹಿಂದೆ ಮಡಚುವ ಬಾಗಿಲು ಇದೆ, ಪೆಟ್ರೋಲ್ ಬಾಯಿ ಎಡಗಡೆ ಹೊರಮೈಯಲ್ಲಿದೆ. ಗ್ರಿಲ್‌ನಲ್ಲಿ ಎಂಬಿಗೆ ಒಂಬತ್ತು ಸೀಳು, ಸಿಜೆಗೆ ಏಳು. ಗ್ರಿಲ್ ಬದಲಿಸುವುದು ಸುಲಭ, ಅದನ್ನು ನೋಡಿ ಯಾರೂ ತೀರ್ಮಾನ ಮಾಡಬಾರದು.

ಮೂಡಿಗೆರೆ ಕಡೆಯಿಂದ ಬಂದ ಒಂದು ಜೀಪಿನ ವಿಷಯದಲ್ಲಿ ಕ್ಲಬ್ಬೇ ಎರಡು ಗುಂಪಾಗಿತ್ತು. ಆಲಿವ್ ಬಣ್ಣ, ಒಂಬತ್ತು ಸೀಳಿನ ಗ್ರಿಲ್, ಬಾನೆಟ್ ಮೇಲೆ ಬಿಳಿ ನಕ್ಷತ್ರ, ಹಿಂದೆ ಸ್ಟೆಪ್ನಿ ಮತ್ತು ಜೆರ್ರಿ ಕ್ಯಾನ್. ನೋಡಿದರೆ ಅಪ್ಪಟ ಸೈನ್ಯದ ಗಾಡಿ. ನಾನು ಎಡಗಡೆ ಹೊರಮೈ ಮೇಲೆ ಮ್ಯಾಗ್ನೆಟ್ ಎಳೆದೆ. ಸೀಟಿನ ಪಕ್ಕ ಒಂದು ಅಂಗೈ ಅಗಲದ ಜಾಗದಲ್ಲಿ ಅದು ಹಿಡಿಯಲೇ ಇಲ್ಲ. ಅಂದರೆ ಅಲ್ಲಿ ದಪ್ಪಗೆ ಪುಟ್ಟಿ. ಒಳಗಿನಿಂದ ಬೆರಳಾಡಿಸಿದರೆ ಪೆಟ್ರೋಲ್ ಬಾಯಿ ಮುಚ್ಚಿದ ದುಂಡಗಿನ ತೇಪೆಯ ಅಂಚು ಕೈಗೆ ಸಿಕ್ಕಿತು. ಹಿಂಬದಿ ಮ್ಯಾಟ್ ಎತ್ತಿದರೆ ಬಾಗಿಲು ಮುಚ್ಚಿದ ವೆಲ್ಡಿಂಗ್ ಗೆರೆ ಎರಡೂ ಮೂಲೆಯಲ್ಲಿ ನೆಟ್ಟಗೆ ಇಳಿದಿತ್ತು. ಇದು ಸಿಜೆ ಬಾಡಿ. ಆದರೆ ಚಾಸಿ? ಅಡ್ಡಪಟ್ಟಿ ಚಪ್ಪಟೆ, ಜಿಪಿಡಬ್ಲ್ಯೂ ನಂಬರ್ ಸ್ವಚ್ಛವಾಗಿ ಓದಲು ಸಿಕ್ಕಿತು, ಆರ್‌ಸಿಗೂ ತಾಳೆಯಾಯಿತು. ಬೋಲ್ಟ್ ತಲೆಗಳ ಮೇಲೆ ಫೋರ್ಡ್‌ನವರ 'ಎಫ್' ಅಕ್ಷರವೂ ಇತ್ತು. ಮಾಲೀಕರಿಗೆ ಹೇಳಿದೆ: "ಅಣ್ಣ, ನಿಮ್ಮದು ನಿಜವಾದ ಜಿಪಿಡಬ್ಲ್ಯೂ. ಬಾಡಿ ಮಾತ್ರ ಸಿಜೆದು. ಎರಡನ್ನೂ ಬರೆಯುತ್ತೇನೆ." ಅವರಿಗೆ ಬೇಜಾರಾಯಿತು. ಆದರೂ ಕಾಗದಕ್ಕೆ ಸಹಿ ಹಾಕಿದರು.

ನನ್ನ ಪದ್ಧತಿ ಇಷ್ಟೇ. 'ಒರಿಜಿನಲ್ಲಾ, ಅಲ್ವಾ?' ಅನ್ನುವ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಚಾಸಿ ಯಾವುದು, ಬಾಡಿ ಯಾವುದು, ಇಂಜಿನ್ ಯಾವುದು, ಬಾಡಿ ಸುಮಾರು ಯಾವ ಕಾಲದ್ದು, ಇವನ್ನು ಬೇರೆಬೇರೆಯಾಗಿ ಬರೆಯುತ್ತೇನೆ. ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತದೆ.

ಇನ್ನರ್ಧ ತಣ್ಣಗಾಗದಿರಲು ಕಾನೂನೂ ಒಂದು ಕಾರಣ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. 20,000 ರೂಪಾಯಿ ಶುಲ್ಕ, 10 ವರ್ಷ ಅವಧಿ, ನಂಬರಿನಲ್ಲಿ 'ವಿಎ' ಅಕ್ಷರ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ ಶೆಲ್, ಇಂಜಿನ್ ಮಾರ್ಪಾಡಾಗಿರಬಾರದು. ಬ್ರಿಟನ್ನಿನಲ್ಲಿ ಹಲವು ವರ್ಷ ನಡೆದ ಪಾಯಿಂಟ್ ಪದ್ಧತಿಯಲ್ಲಿ ಮಾರ್ಪಾಡಾದ ಗಾಡಿಗೆ ಹಳೇ ನೋಂದಣಿ ನಂಬರ್ ಉಳಿಯಲು 8 ಪಾಯಿಂಟ್ ಬೇಕಿತ್ತು. ಚಾಸಿಗೆ 5, ಇಂಜಿನ್‌ಗೆ 1. ಜೀಪಿನ ಹಾಗೆ ಚಾಸಿ, ಬಾಡಿ ಬೇರೆಬೇರೆಯಾಗಿರುವ ಗಾಡಿಗಳಲ್ಲಿ ಬಾಡಿಗೆ ಸೊನ್ನೆ. ನನಗೆ ಅದು ಹೆಚ್ಚು ಸರಿ ಅನಿಸುತ್ತದೆ. ತುಕ್ಕು ತಿಂದ ಬಾಡಿ ಜಾಗಕ್ಕೆ ಅದೇ ನಮೂನೆಯದನ್ನು ಕೂರಿಸುವುದು ಬೇರೆ, ಸಿಜೆಗೆ ಎಂಬಿ ವೇಷ ಹಾಕುವುದು ಬೇರೆ. ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಪ್ರಾಮಾಣಿಕರೂ ಮುಚ್ಚಿಡಲು ಶುರು ಮಾಡುತ್ತಾರೆ.

ವಾದ ಜೋರಾದಾಗ ನಾನು ಒಂದು ಬೆಂಟ್ಲಿ ಕಾರಿನ ಕೇಸ್ ಹೇಳುತ್ತೇನೆ. 'ಓಲ್ಡ್ ನಂಬರ್ ಒನ್' 1929 ಮತ್ತು 1930ರಲ್ಲಿ ಫ್ರಾನ್ಸಿನ ಲ ಮಾನ್ ರೇಸ್ ಗೆದ್ದ ಕಾರು. ಆಮೇಲೆ ಅದರ ಬಾಡಿ, ಇಂಜಿನ್ ಎಲ್ಲ ಬದಲಾದವು. 1990ರಲ್ಲಿ ಅದು 1 ಕೋಟಿ ಪೌಂಡಿಗೆ ಮಾರಾಟಕ್ಕೆ ಒಪ್ಪಂದವಾದಾಗ, ಕೊಳ್ಳುವವರು ಇದು ಆ ಕಾರೇ ಅಲ್ಲ ಅಂದರು. ಲಂಡನ್ನಿನ ಹೈಕೋರ್ಟ್ ಒಪ್ಪಲಿಲ್ಲ. ಮೂಲದ ಭಾಗ ಉಳಿದಿದ್ದು ತೀರಾ ಕಡಿಮೆ ಆದರೂ ಕಾರಿನ ಚರಿತ್ರೆ ಎಲ್ಲೂ ಕಡಿದಿಲ್ಲ, ಇದು ಅದೇ ಕಾರು ಅಂತ ತೀರ್ಪು ಬಂತು. ಅದಕ್ಕೇ ನಾನು ಮಾಲೀಕರನ್ನು ಹಳೇ ಫೋಟೋ, ತೆರಿಗೆ ರಸೀದಿ, ಗ್ಯಾರೇಜ್ ಬಿಲ್ ತನ್ನಿ ಅಂತ ಕಾಡುವುದು. ಹಳೇ ಬಾಡಿ ಇಳಿಸುವಾಗ ತೆಗೆದ ಒಂದು ಫೋಟೋ ಇದ್ದರೂ ಸಾಕು.

ಈಗ ಕೈಯಲ್ಲಿರುವುದು ಇನ್ನೂ ಕಷ್ಟದ್ದು. ಸಕಲೇಶಪುರದ ಒಬ್ಬರು ತಮ್ಮ ಎಂಬಿಗೆ ಹೊಸ ಬಾಡಿ ಹಾಕಿಸಿ ಹಳೆಯದನ್ನು ಮಾರಿದರು. ಕೊಂಡವರು ಅದನ್ನು ರಿಪೇರಿ ಮಾಡಿ ಬೇರೆ ಚಾಸಿ ಮೇಲೆ ಕೂರಿಸಿದ್ದಾರೆ. ಇಬ್ಬರೂ ಒಂದೇ ಜೀಪಿನ ಚರಿತ್ರೆ ತಮ್ಮದು ಅನ್ನುತ್ತಿದ್ದಾರೆ. ನಾನು ಚಾಸಿ ಇರುವವರ ಪರ ಬರೆದಿದ್ದೇನೆ. ಎರಡೂ ಹಾಳೆಯಲ್ಲಿ ಇನ್ನೊಂದು ಗಾಡಿಯ ಚಾಸಿ ನಂಬರನ್ನೂ ಸೇರಿಸಿದ್ದೇನೆ, ಮುಂದೆ ಕೊಳ್ಳುವವರಿಗೆ ಗೊತ್ತಾಗಲಿ ಅಂತ. ಕಮಿಟಿ ಇನ್ನೂ ತೀರ್ಮಾನ ಮಾಡಿಲ್ಲ.